ಕಾನೂನು ಸರಿಯಾಗಿ ಪಾಸಾದರೆ ಸಾಕಾ? ಕಾನೂನೇ ಸರಿಯಿಲ್ಲದಿದ್ದರೆ ಕೋರ್ಟು ಏನು ಮಾಡಬೇಕು?

ತುಂಗಾತೀರದವನು
ಎಲ್ಲರಿಗೂ ನಮಸ್ಕಾರ. ಕಾನೂನು ಓದುತ್ತಿದ್ದೇನೆ, ಇದು ಕೊನೆಯ ವರ್ಷ. ಮುಂದಿನ ವಾರ ಮೂಟ್ ಕೋರ್ಟ್, ಅಂದರೆ ವಿದ್ಯಾರ್ಥಿಗಳ ಅಣಕು ನ್ಯಾಯಾಲಯ ಇದೆ. ವಿಷಯ ಸಬ್‌ಸ್ಟಾಂಟಿವ್ ಡ್ಯೂ ಪ್ರೊಸೆಸ್.

ಅಮೆರಿಕದ ಸಂವಿಧಾನದಲ್ಲಿ ಇರುವುದು ಇಷ್ಟೇ: ‘ಡ್ಯೂ ಪ್ರೊಸೆಸ್ ಆಫ್ ಲಾ’, ಅಂದರೆ ಸರಿಯಾದ ಕಾನೂನು ಕ್ರಮ ಇಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಸರ್ಕಾರ ಕಿತ್ತುಕೊಳ್ಳುವಂತಿಲ್ಲ. ಓದಿದರೆ ಇದು ವಿಧಾನದ ಮಾತು ಅನಿಸುತ್ತದೆ. ನೋಟಿಸ್ ಕೊಡಿ, ವಿಚಾರಣೆ ಮಾಡಿ, ಆಮೇಲೆ ಶಿಕ್ಷೆ ಕೊಡಿ ಅಂತ. ಆದರೆ ಅಲ್ಲಿನ ಕೋರ್ಟು ಇದೇ ಸಾಲನ್ನು ಹಿಡಿದು 1973ರಲ್ಲಿ ಗರ್ಭಪಾತದ ಹಕ್ಕು, 2015ರಲ್ಲಿ ಸಲಿಂಗ ಮದುವೆಯ ಹಕ್ಕು ಕೊಟ್ಟಿತು. 2022ರಲ್ಲಿ ಮೊದಲನೆಯದನ್ನು ವಾಪಸ್ ತೆಗೆದುಕೊಂಡಿತು. ಇದೆಲ್ಲ ಜಡ್ಜುಗಳು ಕಟ್ಟಿದ್ದು, ಸಂವಿಧಾನದಲ್ಲಿ ಇಲ್ಲವೇ ಇಲ್ಲ ಎಂದು ನನ್ನ ರೂಮ್‌ಮೇಟ್ ವಾದ ಮಾಡುತ್ತಾನೆ. ನನಗೆ ಉತ್ತರ ಹೊಳೆಯಲಿಲ್ಲ. ನೀವೆಲ್ಲ ಏನು ಹೇಳುತ್ತೀರಿ?

ಹಳೇ ವಕೀಲ
ತಮ್ಮಾ, ಮೊದಲು ಗೊಂದಲ ಬಿಡಿಸಿಕೋ. ನಾಳೆ ಒಂದು ಕಾನೂನು ಬಂತು ಅಂದುಕೋ. ಸಂಜೆ ಆರರ ಮೇಲೆ ಯಾರೂ ತಮ್ಮ ಮನೆಯೊಳಗೂ ಹಾಡುವಂತಿಲ್ಲ. ವಿಧಾನಸಭೆಯಲ್ಲಿ ಬಹುಮತದಿಂದ ಪಾಸಾಯಿತು, ರಾಜ್ಯಪಾಲರ ಸಹಿಯಾಯಿತು, ಗೆಜೆಟ್‌ನಲ್ಲಿ ಬಂತು. ನಿನ್ನ ಅಜ್ಜಿ ದೀಪ ಹಚ್ಚಿ ದೇವರ ಮುಂದೆ ಹಾಡಿದರು. ಪೊಲೀಸರು ನೋಟಿಸ್ ಕೊಟ್ಟರು. ವಕೀಲರನ್ನು ಇಟ್ಟುಕೊಳ್ಳಲು ಬಿಟ್ಟರು. ಪಕ್ಕದ ಮನೆಯವರ ಸಾಕ್ಷಿ ಆಯಿತು. ಆಮೇಲೆ ಜೈಲಿಗೆ ಹಾಕಿದರು. ವಿಧಾನದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಈಗ ಹೇಳು, ನ್ಯಾಯ ಆಯಿತಾ?

ವಿಧಾನ ಸರಿಯಿತ್ತಾ ಎಂದು ಕೇಳುವುದು ಒಂದು ಬಗೆ. ಅಜ್ಜಿಯ ಹಾಡಿನ ತನಕ ಕೈ ಚಾಚಲು ಈ ಕಾನೂನಿಗೆ ಏನು ಕಾರಣವಿದೆ ಎಂದು ಕೇಳುವುದು ಇನ್ನೊಂದು ಬಗೆ. ಆ ಎರಡನೆಯದೇ ಸಬ್‌ಸ್ಟಾಂಟಿವ್ ಡ್ಯೂ ಪ್ರೊಸೆಸ್. ಅಮೆರಿಕದಲ್ಲಿ ಈ ಮಾತು ಎರಡು ಕಡೆ ಇದೆ. 1791ರ 5ನೇ ತಿದ್ದುಪಡಿ ಕೇಂದ್ರ ಸರ್ಕಾರಕ್ಕೆ, 1868ರ 14ನೇ ತಿದ್ದುಪಡಿ ರಾಜ್ಯಗಳಿಗೆ. ಜಗಳ ಜಾಸ್ತಿ ನಡೆದಿರುವುದು 14ರ ಮೇಲೆ.

ಕಾಫಿತೋಟ
ಅಜ್ಜಿಯ ಉದಾಹರಣೆಯಿಂದ ಒಂದೇ ಏಟಿಗೆ ಅರ್ಥವಾಯಿತು ಸರ್.

ನೇರಮಾತು
ಅಜ್ಜಿಯ ಉದಾಹರಣೆ ಕೇಳಲು ಚೆನ್ನಾಗಿದೆ. ಆದರೆ ಅಂಥ ಕಾನೂನು ತಂದವರನ್ನು ಮುಂದಿನ ಚುನಾವಣೆಯಲ್ಲಿ ಜನ ಮನೆಗೆ ಕಳಿಸುತ್ತಾರೆ. ಜಡ್ಜುಗಳನ್ನು ಯಾರು ಕಳಿಸುತ್ತಾರೆ?

ಇದರ ಚರಿತ್ರೆ ಎಲ್ಲಿಂದ ಶುರುವಾಗುತ್ತದೆ ನೋಡಿ. 1857ರ ಡ್ರೆಡ್ ಸ್ಕಾಟ್ ಪ್ರಕರಣ. ಗುಲಾಮ ಎಂದರೆ ಮಾಲೀಕನ ಆಸ್ತಿ, ಬೇರೆ ಪ್ರದೇಶಕ್ಕೆ ಕರೆದುಕೊಂಡು ಹೋದ ಮಾತ್ರಕ್ಕೆ ಆ ಆಸ್ತಿಯನ್ನು ಕಿತ್ತುಕೊಳ್ಳುವ ಕಾನೂನು ಡ್ಯೂ ಪ್ರೊಸೆಸ್ ಅಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಟಾನಿ ಬರೆದರು. ಇದು ಕೂಡ ಕಾನೂನಿನ ತಿರುಳನ್ನು ಪ್ರಶ್ನಿಸಿದ್ದೇ ಅಲ್ವಾ? ಆಮೇಲೆ 1905ರ ಲಾಕ್ನರ್. ನ್ಯೂಯಾರ್ಕ್ ರಾಜ್ಯ ಬೇಕರಿ ಕೆಲಸಗಾರರಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಮಿತಿ ಹಾಕಿತ್ತು. ಮಾಲೀಕ ಮತ್ತು ಕೆಲಸಗಾರರ ಒಪ್ಪಂದದ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು 5-4ರಲ್ಲಿ ಕೋರ್ಟು ಅದನ್ನು ಹೊಡೆದು ಹಾಕಿತು. ಈ ಅಸ್ತ್ರ ಒಳ್ಳೆಯವರ ಕೈಯಲ್ಲೇ ಇರುತ್ತದೆ ಎಂದು ನಂಬಿಕೊಂಡು ಕೂರುವುದು ತಪ್ಪು.

ಭಟ್ಟಿಮನೆ ಮಗಳು
ಲಾಕ್ನರ್ ಹೆಸರು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ನಮ್ಮದು ಹಾಸನದ ಕಡೆ. ಅಪ್ಪ ಬೆಂಗಳೂರಿನಲ್ಲಿ ಬೇರೆಯವರ ಬೇಕರಿಯಲ್ಲಿ 22 ವರ್ಷ ದುಡಿದರು. ಬೆಳಗಿನ ಜಾವ ಮೂರಕ್ಕೆ ಎದ್ದು ಭಟ್ಟಿಗೆ ಸೌದೆ ಹಾಕಬೇಕು. ಮೈದಾ ಜರಡಿ ಹಿಡಿಯುವಾಗ ಏಳುವ ಪುಡಿ ಹುಬ್ಬಿನ ಮೇಲೆ ಕೂತು, ಬೆವರಿಗೆ ಅಂಟಿ, ಒಣಗಿ ಹಪ್ಪಳದ ಹಾಗೆ ಏಳುತ್ತಿತ್ತು. ರಾತ್ರಿ ಅಪ್ಪ ಬಂದರು ಎನ್ನುವುದು ನಮಗೆ ಗೊತ್ತಾಗುತ್ತಿದ್ದದ್ದೇ ಕೆಮ್ಮಿನಿಂದ. ಚಪ್ಪಲಿ ಸದ್ದು ಆಮೇಲೆ. ಹೊತ್ತಿಗೆ ಸರಿಯಾಗಿ ಬಿಡಿ ಎಂದು ಒಮ್ಮೆ ಕೇಳಿದ್ದಕ್ಕೆ, ಬೇರೆ ಕಡೆ ನೋಡಿಕೋ ಅಂದರಂತೆ. ಅಪ್ಪನ ಪಾಲಿಗೆ ಒಪ್ಪಂದದ ಸ್ವಾತಂತ್ರ್ಯ ಎಂದರೆ ಅದು.

ನ್ಯಾಯಮೂರ್ತಿ ಹಾರ್ಲನ್ ಅವರ ಭಿನ್ನ ತೀರ್ಪಿನ ಒಂದು ಪುಟವನ್ನು ನನ್ನ ತಂಗಿ ಓದಿ ಹೇಳಿದ್ದಳು. ಹಿಟ್ಟಿನ ಧೂಳು ಬೇಕರಿಯವರ ಶ್ವಾಸಕೋಶಕ್ಕೆ, ಕಣ್ಣಿಗೆ ಏನು ಮಾಡುತ್ತದೆ ಎಂದು ಅದರಲ್ಲಿ ಇದೆ. 1905ರಲ್ಲೇ ಅವರಿಗೆ ಗೊತ್ತಿತ್ತು. ಬಹುಮತದ ಐದು ಜನಕ್ಕೆ ಗೊತ್ತಾಗಲಿಲ್ಲ. ಕೋರ್ಟು ಸ್ವಾತಂತ್ರ್ಯ ಎಂದಾಗಲೆಲ್ಲ ನಾನು ಕೇಳುವುದು ಒಂದೇ: ಯಾರ ಸ್ವಾತಂತ್ರ್ಯ?

ಸಂಜೆ ಪೇಪರ್
ಮೇಡಂ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಒಂದು ಸಣ್ಣ ಸೇರ್ಪಡೆ. ಆ ಕಾನೂನು ಬಂದದ್ದು 1895ರಲ್ಲಿ. ಅದರಲ್ಲಿ ಚರಂಡಿ, ನೆಲ, ಗಾಳಿ, ಬೆಳಕಿನ ನಿಯಮಗಳೂ ಇದ್ದವು. ಕೋರ್ಟು ಅವನ್ನು ಮುಟ್ಟಲಿಲ್ಲ, ಗಂಟೆಯ ಮಿತಿಯನ್ನಷ್ಟೇ ತೆಗೆಯಿತು. ಅಂದರೆ ಗೋಡೆ ಸ್ವಚ್ಛವಾಗಿರಬೇಕು, ಕೆಲಸಗಾರ ಎಷ್ಟು ಹೊತ್ತು ನಿಂತರೂ ಅಡ್ಡಿಯಿಲ್ಲ ಅಂತಾಯಿತು.

ಹಳೇ ವಕೀಲ
ಆ ಕಾಲ ಮುಗಿದದ್ದು 1937ರಲ್ಲಿ. ಅದರ ಹಿಂದೆ ಇದ್ದವರೂ ಒಬ್ಬ ಕೆಲಸದ ಹೆಂಗಸು. ಎಲ್ಸಿ ಪ್ಯಾರಿಶ್ ಅಂತ, ವಾಷಿಂಗ್ಟನ್ ರಾಜ್ಯದ ಒಂದು ಹೋಟೆಲಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಕುತ್ತಿದ್ದವರು. ಕನಿಷ್ಠ ಕೂಲಿಯ ಲೆಕ್ಕದಲ್ಲಿ ತನಗೆ 216 ಡಾಲರ್ 19 ಸೆಂಟ್ ಬಾಕಿ ಬರಬೇಕು ಎಂದು ಕೇಸು ಹಾಕಿದರು. ಸುಪ್ರೀಂ ಕೋರ್ಟಿನಲ್ಲಿ 5-4ರಲ್ಲಿ ಗೆದ್ದರು. ಒಪ್ಪಂದದ ಸ್ವಾತಂತ್ರ್ಯ ಎಂಬ ಮಾತು ಸಂವಿಧಾನದಲ್ಲಿ ಎಲ್ಲಿದೆ ಎಂದು ಅದೇ ಕೋರ್ಟು ಈ ಸಲ ಕೇಳಿತು.

ನೇರಮಾತು
ನೋಡಿ, ನನ್ನ ವಾದಕ್ಕೆ ನೀವೇ ಸಾಕ್ಷಿ ಕೊಟ್ಟಿರಿ. ಒಪ್ಪಂದದ ಸ್ವಾತಂತ್ರ್ಯ ಸಂವಿಧಾನದಲ್ಲಿ ಇಲ್ಲ ಎಂದರೆ ಗರ್ಭಪಾತದ ಹಕ್ಕೂ ಇಲ್ಲ. ಒಂದಕ್ಕೆ ಒಂದು ಅಳತೆ, ಇನ್ನೊಂದಕ್ಕೆ ಇನ್ನೊಂದು ಅಳತೆ ಆಗುವುದಿಲ್ಲ.

ನುಡಿಗೊನೆ
ಇಲ್ಲಿ ಯಾರೂ ಹೇಳದ ಒಂದು ಕಥೆ ಹೇಳುತ್ತೇನೆ. ಭಾಷೆಯ ವಿಷಯ, ಅದಕ್ಕೇ ನನಗೆ ಹತ್ತಿರ. ಮೊದಲ ಮಹಾಯುದ್ಧ ಮುಗಿದಿತ್ತು, ಜರ್ಮನರ ಮೇಲೆ ಸಿಟ್ಟು ಇಳಿದಿರಲಿಲ್ಲ. 1919ರಲ್ಲಿ ನೆಬ್ರಾಸ್ಕಾ ರಾಜ್ಯ ಕಾನೂನು ತಂದಿತು. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವಿಗೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವಂತಿಲ್ಲ. ಖಾಸಗಿ ಶಾಲೆಗೂ ಇದೇ ನಿಯಮ.

1920ರ ಮೇ ತಿಂಗಳು. ಹ್ಯಾಂಪ್ಟನ್ ಎಂಬ ಊರಿನ ಚರ್ಚ್ ಶಾಲೆ. ರಾಬರ್ಟ್ ಮೇಯರ್ ಎಂಬ ಮೇಷ್ಟ್ರು 10 ವರ್ಷದ ಹುಡುಗನಿಗೆ ಜರ್ಮನ್‌ನಲ್ಲಿ ಬೈಬಲ್ ಕಥೆ ಓದಿಸುತ್ತಿದ್ದರು. ಸರ್ಕಾರಿ ವಕೀಲ ಬರುವುದು ಕಂಡಿತು. ಆ ಕ್ಷಣ ಇಂಗ್ಲಿಷಿಗೆ ತಿರುಗಿದ್ದರೆ ಏನೂ ಆಗುತ್ತಿರಲಿಲ್ಲ. ಮೇಷ್ಟ್ರಿಗೂ ಅದು ಗೊತ್ತಿತ್ತು. ಆದರೂ ಜರ್ಮನ್‌ನಲ್ಲೇ ಮುಂದುವರಿಸಿದರು. 25 ಡಾಲರ್ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟು 7-2ರಲ್ಲಿ ಆ ಕಾನೂನನ್ನು ರದ್ದು ಮಾಡಿತು. ಯಾವ ಆಧಾರದ ಮೇಲೆ? ಇದೇ 14ನೇ ತಿದ್ದುಪಡಿ, ಇದೇ ಡ್ಯೂ ಪ್ರೊಸೆಸ್. ಮದುವೆಯಾಗುವುದು, ಮಕ್ಕಳನ್ನು ಬೆಳೆಸುವುದು, ಜ್ಞಾನ ಪಡೆಯುವುದು ಎಲ್ಲವೂ ಸ್ವಾತಂತ್ರ್ಯದಲ್ಲಿ ಸೇರಿದೆ ಎಂದಿತು.

ನೇರಮಾತು ಅವರೇ, ನೆಬ್ರಾಸ್ಕಾದ ವಿಧಾನಸಭೆಗೂ ಬಹುಮತ ಇತ್ತು. ಆ ಮೇಷ್ಟ್ರು ಮುಂದಿನ ಚುನಾವಣೆಗೆ ಕಾಯಬೇಕಿತ್ತಾ? ಮಗು ಅಷ್ಟರಲ್ಲಿ ದೊಡ್ಡದಾಗುತ್ತದೆ.

ಗಡಿನಾಡು
ಅದೇ ವಾದ ನಮ್ಮ ತಲೆ ಮೇಲೆ ಬಿದ್ದದ್ದು ಮರೆತಿರಾ? 1994ರಲ್ಲಿ ಕರ್ನಾಟಕ ಸರ್ಕಾರ ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಇರಬೇಕು ಎಂದು ಆದೇಶ ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟಿನ ಐದು ಜನರ ಪೀಠ ಅದನ್ನು ಒಪ್ಪಲಿಲ್ಲ. ಮಾಧ್ಯಮ ಆರಿಸುವುದು ಮಗುವಿನ ಪರವಾಗಿ ಹೆತ್ತವರ ಹಕ್ಕು ಅಂದಿತು. ನೆಬ್ರಾಸ್ಕಾದಲ್ಲಿ ಚಿಕ್ಕ ಭಾಷೆ ಉಳಿಯಿತು, ಇಲ್ಲಿ ಪೆಟ್ಟು ತಿಂದದ್ದು ಕನ್ನಡ.

ನುಡಿಗೊನೆ
ಆ ನೋವು ನನಗೂ ಇದೆ. ಆದರೆ ಎರಡೂ ಒಂದೇ ಅಲ್ಲ. ನೆಬ್ರಾಸ್ಕಾ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸಲೇಬಾರದು ಎಂದಿತ್ತು. ನಮ್ಮ ಸರ್ಕಾರ ಯಾವ ಭಾಷೆಯನ್ನೂ ನಿಷೇಧಿಸಿರಲಿಲ್ಲ, ಯಾವುದರಲ್ಲಿ ಪಾಠ ಆಗಬೇಕು ಎಂದಿತ್ತು.

ಸಂಜೆ ಪೇಪರ್
ಇನ್ನೊಂದು ವ್ಯತ್ಯಾಸ. 2014ರ ತೀರ್ಪು ನಿಂತಿರುವುದು 19ನೇ ವಿಧಿಯ ಮೇಲೆ. ವಾಕ್ ಸ್ವಾತಂತ್ರ್ಯ, ಉದ್ಯೋಗ ಸ್ವಾತಂತ್ರ್ಯ. ಡ್ಯೂ ಪ್ರೊಸೆಸ್ ಅದರ ಬುನಾದಿ ಅಲ್ಲ.

ಗಡಿನಾಡು
ಬುನಾದಿ ಯಾವುದಾದರೂ ಇರಲಿ. ನಮ್ಮೂರ ಕನ್ನಡ ಶಾಲೆಯಲ್ಲಿ ಈಗ 11 ಮಕ್ಕಳು. ನಾನು ಓದುವಾಗ 140 ಇದ್ದೆವು.

ತುಂಗಾತೀರದವನು
ದಯವಿಟ್ಟು ಮಾಧ್ಯಮದ ಚರ್ಚೆಗೆ ಬೇರೆ ಎಳೆ ತೆರೆಯಿರಿ, ನಾನೂ ಬರುತ್ತೇನೆ. ಗರ್ಭಪಾತದ ಹಕ್ಕನ್ನು ವಾಪಸ್ ತೆಗೆದುಕೊಂಡ 2022ರ ಡಾಬ್ಸ್ ತೀರ್ಪಿನ ಬಗ್ಗೆ ಯಾರಾದರೂ ಹೇಳಿ. ಅದರ ಅಳತೆಗೋಲು ಏನು?

ಸಂಜೆ ಪೇಪರ್
ಅಳತೆಗೋಲು 1997ರ ಗ್ಲಕ್ಸ್‌ಬರ್ಗ್ ಪ್ರಕರಣದ್ದು. ಸಂವಿಧಾನದಲ್ಲಿ ಬರೆಯದ ಹಕ್ಕು ಬೇಕು ಎಂದರೆ, ಅದು ದೇಶದ ಚರಿತ್ರೆ ಮತ್ತು ಪರಂಪರೆಯಲ್ಲಿ ಆಳವಾಗಿ ಬೇರು ಬಿಟ್ಟಿರಬೇಕು. ಡಾಬ್ಸ್‌ನಲ್ಲಿ ನ್ಯಾಯಮೂರ್ತಿ ಅಲಿಟೊ ಅದನ್ನೇ ಹಿಡಿದರು. 1868ರಲ್ಲಿ 14ನೇ ತಿದ್ದುಪಡಿ ಬಂದಾಗ ಹೆಚ್ಚಿನ ರಾಜ್ಯಗಳಲ್ಲಿ ಗರ್ಭಪಾತ ಅಪರಾಧವಾಗಿತ್ತು, ಹಾಗಾಗಿ ಅದು ಅಂಥ ಹಕ್ಕಲ್ಲ ಎಂದರು. ನ್ಯಾಯಮೂರ್ತಿ ಥಾಮಸ್ ಇನ್ನೂ ಮುಂದೆ ಹೋಗಿ, ಗರ್ಭನಿರೋಧಕ, ಸಲಿಂಗ ಸಂಬಂಧ, ಸಲಿಂಗ ಮದುವೆಯ ತೀರ್ಪುಗಳನ್ನೂ ಮತ್ತೆ ನೋಡಬೇಕು ಎಂದು ಬೇರೆಯಾಗಿ ಬರೆದರು. ಉಳಿದವರು ಅದಕ್ಕೆ ಕೈಜೋಡಿಸಲಿಲ್ಲ.

ಕಾಫಿತೋಟ
1868ರಲ್ಲಿ ಅಲ್ಲಿನ ಹೆಂಗಸರಿಗೆ ಮತದಾನದ ಹಕ್ಕೇ ಇರಲಿಲ್ಲ. ದೇಶದ ಸಂವಿಧಾನದಲ್ಲಿ ಅದು ಬಂದದ್ದು 1920ರಲ್ಲಿ. ಅವರನ್ನು ಕೇಳದೆ ಮಾಡಿದ ಕಾನೂನನ್ನು ಅವರ ಹಕ್ಕಿಗೆ ಅಳತೆಗೋಲು ಮಾಡುವುದು ಎಷ್ಟು ಸರಿ?

ಡಾಲಸ್ ಕನ್ನಡತಿ
ಟೆಕ್ಸಾಸ್‌ಗೆ ಬಂದು 19 ವರ್ಷವಾಯಿತು. ಇಲ್ಲಿ ಎಲ್ಲರೂ ತತ್ವ ಮಾತಾಡುತ್ತಿದ್ದೀರಿ, ನಾನು ಕಂಡದ್ದನ್ನು ಹೇಳುತ್ತೇನೆ. ಹೋದ ವರ್ಷ ಮಗಳಿಗೆ ಐದನೇ ತಿಂಗಳಲ್ಲೇ ನೀರು ಒಡೆಯಿತು. ಮಗು ಉಳಿಯುವುದಿಲ್ಲ ಎಂದು ಡಾಕ್ಟರೇ ಹೇಳಿದರು. ಆದರೂ ಮಗುವಿನ ಎದೆಬಡಿತ ಇದೆ, ಕಾನೂನು ವಿಭಾಗವನ್ನು ಕೇಳಬೇಕು ಎಂದು ಕಾಯಿಸಿದರು. ಎರಡು ದಿನ. ಆ ಡಾಕ್ಟರಮ್ಮ ಕಿವಿಗೆ ಫೋನ್ ಹಿಡಿದು ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಜೈಲಿನ ಭಯ. ಮೂರನೇ ದಿನ ಮಗಳಿಗೆ ಜ್ವರ ಏರಿದ ಮೇಲೆ ಒಳಗೆ ಕರೆದುಕೊಂಡು ಹೋದರು.

ಇನ್ನೊಂದು ಮಾತು. ನನ್ನ ಅಳಿಯ ವರ್ಜೀನಿಯಾದ ಬಿಳಿಯರ ಹುಡುಗ. 1967ರ ತನಕ ಆ ರಾಜ್ಯದಲ್ಲಿ ಬಿಳಿಯರು ಬೇರೆ ಜನಾಂಗದವರನ್ನು ಮದುವೆಯಾದರೆ ಅಪರಾಧ. ಹಾಗೆ ಮದುವೆಯಾದ ಲವಿಂಗ್ ಎಂಬ ದಂಪತಿ ಮಲಗಿದ್ದಾಗ ಪೊಲೀಸರು ರಾತ್ರಿ ಕೋಣೆಗೆ ನುಗ್ಗಿದ್ದರು. 25 ವರ್ಷ ರಾಜ್ಯ ಬಿಟ್ಟು ಹೋಗಿ, ಇಲ್ಲದಿದ್ದರೆ ಜೈಲು ಎಂದು ಜಡ್ಜ್ ಹೇಳಿದ್ದ. ಆ ಕಾನೂನನ್ನು ತೆಗೆದ ತೀರ್ಪಿನಲ್ಲೂ ಡ್ಯೂ ಪ್ರೊಸೆಸ್ ಇದೆ. ನಮ್ಮ ಮನೆಯ ಮದುವೆ ಫೋಟೋ ನೋಡಿದಾಗೆಲ್ಲ ಅದು ನೆನಪಾಗುತ್ತದೆ.

ಭಟ್ಟಿಮನೆ ಮಗಳು
ಅಕ್ಕ, ಮಗಳು ಈಗ ಹೇಗಿದ್ದಾರೆ?

ಡಾಲಸ್ ಕನ್ನಡತಿ
ಚೇತರಿಸಿಕೊಂಡಿದ್ದಾಳೆ ಕಣಮ್ಮ. ಮೌನ ಜಾಸ್ತಿಯಾಗಿದೆ.

ನೇರಮಾತು
ಅಕ್ಕ, ಇದನ್ನು ಇಲ್ಲಿ ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ. ಆ ಕಾನೂನು ಕೆಟ್ಟದ್ದು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ನಾನು ಕೇಳುವುದು, ಅದನ್ನು ಸರಿ ಮಾಡುವವರು ಯಾರು ಎಂದು. ಡಾಬ್ಸ್ ಆದ ಎರಡೇ ತಿಂಗಳೊಳಗೆ, 2022ರ ಆಗಸ್ಟ್‌ನಲ್ಲಿ, ಕಾನ್ಸಸ್ ಜನ ಮತ ಹಾಕಿ ಗರ್ಭಪಾತದ ಹಕ್ಕು ಉಳಿಸಿಕೊಂಡರು. ಸುಮಾರು 59 ಪರ್ಸೆಂಟ್. ಕಾನ್ಸಸ್ ಸಂಪ್ರದಾಯಸ್ಥರ ರಾಜ್ಯ. ಜನ ಗೆದ್ದುಕೊಂಡ ಹಕ್ಕನ್ನು ಐದು ಜಡ್ಜುಗಳು ಒಂದು ಬೆಳಿಗ್ಗೆ ಅಳಿಸಲು ಆಗುವುದಿಲ್ಲ. ಜಡ್ಜುಗಳು ಕೊಟ್ಟದ್ದನ್ನು ಜಡ್ಜುಗಳೇ ಕಿತ್ತುಕೊಂಡರು. ಅದಕ್ಕೇ ನನಗೆ ಆ ದಾರಿಯ ಮೇಲೆ ನಂಬಿಕೆ ಇಲ್ಲ.

ಡಾಲಸ್ ಕನ್ನಡತಿ
ಟೆಕ್ಸಾಸ್‌ನಲ್ಲಿ ನಮಗೆ ಆ ಮತ ಹಾಕುವ ಅವಕಾಶ ಯಾರೂ ಕೊಟ್ಟಿಲ್ಲ ತಮ್ಮಾ.

ಕರಾವಳಿ ಮಾಸ್ತರ
ಈ ಚರ್ಚೆಗೂ ನಮ್ಮ ಮಂಗಳೂರಿಗೂ ನಂಟು ಇದೆ, ಯಾರೂ ಹೇಳಲಿಲ್ಲ. ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು ಮಂಗಳೂರಿನಲ್ಲಿ, 1887ರಲ್ಲಿ. ನಮ್ಮ ಕರಡಿನಲ್ಲಿ ಮೊದಲು ‘ಡ್ಯೂ ಪ್ರೊಸೆಸ್’ ಎಂದೇ ಇತ್ತು. ರಾವ್ 1947ರ ಕೊನೆಗೆ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಲಾಕ್ನರ್ ಕಾಲವನ್ನು ಕಣ್ಣಾರೆ ಕಂಡವರು ಅವರು. ಈ ಮಾತು ಇಡಬೇಡಿ, ಚುನಾಯಿತರ ಕೆಲಸವನ್ನು ಕೋರ್ಟು ಕಟ್ಟಿಹಾಕುತ್ತದೆ ಎಂದು ಸಲಹೆ ಕೊಟ್ಟರು. ಭೂ ಸುಧಾರಣೆಯಂಥ ಕಾನೂನುಗಳು ಬರಬೇಕಿದ್ದ ಕಾಲ ಅದು. ಕೊನೆಗೆ ಜಪಾನ್ ಸಂವಿಧಾನದ 31ನೇ ವಿಧಿಯ ಹಾಗೆ, ಕಾನೂನು ಗೊತ್ತುಪಡಿಸಿದ ವಿಧಾನ ಎಂಬ ಅರ್ಥದ ಮಾತು ಬಂತು. ಜೀವ, ಸ್ವಾತಂತ್ರ್ಯ ಕಾಯುವ ನಮ್ಮ 21ನೇ ವಿಧಿ ಅದೇ.

1948ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಸಭೆಯಲ್ಲಿ ಎರಡೂ ಕಡೆಯ ಅಪಾಯ ಬಿಡಿಸಿ ಹೇಳಿದರು. ಪಕ್ಷದವರೇ ತುಂಬಿದ ಶಾಸಕಾಂಗವನ್ನೂ ಪೂರ್ತಿ ನಂಬಲಾಗದು, ಸುಪ್ರೀಂ ಕೋರ್ಟಿನ ಐದಾರು ಜನರನ್ನೂ ಪೂರ್ತಿ ನಂಬಲಾಗದು. ತೀರ್ಮಾನವನ್ನು ಸಭೆಗೇ ಬಿಟ್ಟರು. ನೇರಮಾತು ಅವರ ಚಿಂತೆ ಹೊಸದಲ್ಲ.

ಹಳೇ ವಕೀಲ
ಮಾಸ್ತರರೇ, ಮುಂದಿನದನ್ನೂ ಹೇಳಿ. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಕೋರ್ಟು ಇದನ್ನೇ ಹಿಡಿದು, ಕಾನೂನು ಇದೆ, ಅದರಂತೆ ಬಂಧಿಸಿದ್ದಾರೆ, ಮುಗಿಯಿತು ಎಂದಿತು. ನ್ಯಾಯಮೂರ್ತಿ ಫಜಲ್ ಅಲಿ ಒಪ್ಪಲಿಲ್ಲ. 1978ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣ ಬಂತು. ವಿಧಾನ ಎಂದರೆ ಎಂಥದ್ದೋ ವಿಧಾನ ಸಾಲದು, ಅದು ನ್ಯಾಯವಾಗಿ, ಸಮಂಜಸವಾಗಿ ಇರಬೇಕು ಎಂದರು. ಅದೇ ವರ್ಷ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ನಮ್ಮಲ್ಲಿ ಡ್ಯೂ ಪ್ರೊಸೆಸ್ ಎಂಬ ಸಾಲು ಇಲ್ಲದಿದ್ದರೂ ಈಗ ಫಲ ಒಂದೇ ಎಂದು ಬರೆದರು. ಮುಂಬಾಗಿಲಲ್ಲಿ ಬೇಡ ಎಂದದ್ದು ಹಿತ್ತಲ ಬಾಗಿಲಿಂದ ಬಂದು ಪಡಸಾಲೆಯಲ್ಲಿ ಕೂತಿತು.

ಮಲ್ಲೇಶ್ವರದ ಅಜ್ಜ
1950ಕ್ಕೂ 1978ಕ್ಕೂ ನಡುವೆ ಏನಾಯಿತು ಎನ್ನುವುದನ್ನು ಬಿಟ್ಟರೆ ಇದು ಅರ್ಥವಾಗುವುದಿಲ್ಲ. ನನಗಾಗ 24 ವರ್ಷ. ತುರ್ತುಪರಿಸ್ಥಿತಿಯಲ್ಲಿ ನಮ್ಮ ಚಿಕ್ಕಪ್ಪನನ್ನು ಮೀಸಾ ಕಾಯ್ದೆಯಲ್ಲಿ, ಅಂದರೆ ವಿಚಾರಣೆ ಇಲ್ಲದೆ ಒಳಗಿಡುವ ಕಾನೂನಿನಲ್ಲಿ ಹಿಡಿದರು. ಊಟಕ್ಕೆ ಕೂತಿದ್ದರು, ಎಲೆಗೆ ಸಾರು ಬಡಿಸಿತ್ತು. ಬಂದ ಇನ್‌ಸ್ಪೆಕ್ಟರ್ ಬಹಳ ಮರ್ಯಾದೆಯಿಂದ ಆದೇಶದ ಕಾಗದ ತೋರಿಸಿದರು. ಯಾಕೆ ಎಂದು ಚಿಕ್ಕಮ್ಮ ಕೇಳಿದಳು. ಕಾರಣ ಹೇಳುವ ಹಾಗಿಲ್ಲ ತಾಯಿ, ಕಾನೂನಲ್ಲೇ ಹಾಗಿದೆ ಅಂದರು. ಸುಳ್ಳಲ್ಲ, ತಿದ್ದುಪಡಿ ಮಾಡಿ ಹಾಗೇ ಬರೆದಿದ್ದರು. ಚಿಕ್ಕಮ್ಮ ಆ ಎಲೆಯನ್ನು ರಾತ್ರಿಯ ತನಕ ಎತ್ತಲಿಲ್ಲ. ಚಿಕ್ಕಪ್ಪ ಮನೆಗೆ ಬಂದದ್ದು 14 ತಿಂಗಳ ಮೇಲೆ.

ಬೆಂಗಳೂರಿನ ಜೈಲಿನಲ್ಲಿ ಆಗ ವಿರೋಧ ಪಕ್ಷದ ಅಡ್ವಾಣಿ, ವಾಜಪೇಯಿ, ದಂಡವತೆ ಇದ್ದರು. ವಿಧಾನ ಮಾತ್ರ ಸರಿಯಿದ್ದರೆ ಸಾಕು ಎನ್ನುವವರಿಗೆ ನಾನು ಹೇಳುವುದು ಆ ಎಲೆಯ ಕಥೆ.

ನೇರಮಾತು
ಹಿರಿಯರೇ, ನಿಮ್ಮ ಮಾತಿಗೆ ತಲೆಬಾಗುತ್ತೇನೆ. ಆದರೆ ಆಗ ಸುಪ್ರೀಂ ಕೋರ್ಟು ಏನು ಮಾಡಿತು? 1976ರ ಎಡಿಎಂ ಜಬಲ್ಪುರ್ ಪ್ರಕರಣ ನೋಡಿ. ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳಬಹುದು ಎಂದಿದ್ದವು. ಸುಪ್ರೀಂ ಕೋರ್ಟು 4-1ರಲ್ಲಿ ಬಾಗಿಲು ಮುಚ್ಚಿತು. ಎದ್ದು ನಿಂತವರು ನ್ಯಾಯಮೂರ್ತಿ ಖನ್ನಾ ಒಬ್ಬರೇ. ತುರ್ತುಪರಿಸ್ಥಿತಿ ಬಂದರೂ 21ನೇ ವಿಧಿ ಅಮಾನತಾಗಬಾರದು ಎಂದು ಸರಿ ಮಾಡಿದ್ದು ಸಂಸತ್ತು, 44ನೇ ತಿದ್ದುಪಡಿಯಲ್ಲಿ. ಕಷ್ಟಕಾಲದಲ್ಲಿ ಕೈಬಿಟ್ಟದ್ದು ಕೋರ್ಟು, ಎತ್ತಿದ್ದು ಜನ.

ಮಲ್ಲೇಶ್ವರದ ಅಜ್ಜ
ಹೌದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೋರ್ಟು ಅಂದು ಕೇಳಬೇಕಾದ್ದನ್ನು ಕೇಳಲಿಲ್ಲ ಎನ್ನುವುದೇ ನನ್ನ ದೂರು. ಕೇಳುವ ಅಧಿಕಾರವೇ ಬೇಡ ಎಂದರೆ ದೂರು ಕೊಡಲೂ ಜಾಗ ಇರುವುದಿಲ್ಲ.

ತುಂಗಾತೀರದವನು
ಅಜ್ಜಾ, ಇದನ್ನು ನಾನು ಬರೆದಿಟ್ಟುಕೊಂಡೆ. ಭಾರತದ ತೀರ್ಪುಗಳಲ್ಲಿ ಸಬ್‌ಸ್ಟಾಂಟಿವ್ ಡ್ಯೂ ಪ್ರೊಸೆಸ್ ಎಂಬ ಶಬ್ದವನ್ನೇ ನೇರವಾಗಿ ಬಳಸಿದ್ದಾರಾ?

ಸಂಜೆ ಪೇಪರ್
ಬಳಸಿದ್ದಾರೆ, ಅದೂ ನಮ್ಮ ರಾಜ್ಯದ ಹೆಸರಿರುವ ಪ್ರಕರಣದಲ್ಲಿ. ಸೆಲ್ವಿ ವಿರುದ್ಧ ಕರ್ನಾಟಕ, 2010. ಆರೋಪಿಯ ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದ ತೀರ್ಪು. 2017ರ ಖಾಸಗಿತನದ ತೀರ್ಪು ಗೊತ್ತೇ ಇದೆ. ಅರ್ಜಿ ಹಾಕಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನಿಂದ ನಿವೃತ್ತರಾಗಿದ್ದವರು. ಒಂಬತ್ತು ಜನರ ಆ ಪೀಠವೇ ಎಡಿಎಂ ಜಬಲ್ಪುರ್ ತಪ್ಪು ಎಂದು ಹೇಳಿದ್ದು. ಆದರೆ ಎಲ್ಲರೂ ಒಂದೇ ದಾರಿಯಲ್ಲಿಲ್ಲ. 2015ರ ರಾಜಬಾಲಾ ಪ್ರಕರಣದಲ್ಲಿ ಹರಿಯಾಣದ ಪಂಚಾಯ್ತಿ ಚುನಾವಣೆಗೆ ಓದಿನ ಅರ್ಹತೆ ಇಟ್ಟದ್ದನ್ನು ಇಬ್ಬರ ಪೀಠ ಎತ್ತಿಹಿಡಿಯಿತು. ಕಾನೂನು ತರ್ಕಕ್ಕೆ ನಿಲ್ಲದು ಎಂಬ ಒಂದೇ ಕಾರಣಕ್ಕೆ ರದ್ದು ಮಾಡಲಾಗದು ಎಂದಿತು. ಎದುರಾಳಿಗಳು ಅದನ್ನು ತಂದೇ ತರುತ್ತಾರೆ, ಓದಿಕೊಂಡು ಹೋಗಿ.

ಕಾಫಿತೋಟ
1992ರ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ಬಿಟ್ಟಿರಿ. ಮೆಡಿಕಲ್ ಕಾಲೇಜಿನ ಫೀ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರ ರಾಜ್ಯದವರಿಗೆ 60,000 ಇತ್ತು. ಓದುವ ಹಕ್ಕು 21ರಲ್ಲೇ ಇದೆ ಎಂದು ಕೋರ್ಟು ಹೇಳಿತು. ಆದರೂ ನನ್ನ ಅಣ್ಣನ ಸೀಟಿಗೆ ಒಂದು ಕಾಲೇಜಿನವರು ರಸೀದಿ ಇಲ್ಲದೆ ದುಡ್ಡು ತೆಗೆದುಕೊಂಡರು. ಅಪ್ಪ ತೋಟದ ಒಂದು ಎಕರೆ ಮಾರಿದರು.

ತುಂಗಾತೀರದವನು
ಎಲ್ಲರಿಗೂ ಕೈಮುಗಿದೆ. ಈಗಷ್ಟೇ ಮೂಟ್‌ನ ಪಟ್ಟಿ ಬಂತು. ನನಗೆ ಸಿಕ್ಕಿರುವುದು ಸರ್ಕಾರದ ಪರ. ಅಂದರೆ ನೇರಮಾತು ಸರ್ ವಾದವನ್ನು ನಾನು ಮಾಡಬೇಕು, ಅಜ್ಜನ ವಾದವನ್ನು ಎದುರಿಸಬೇಕು. ಭಟ್ಟಿಮನೆ ಅಕ್ಕ, ನಿಮ್ಮ ಅಪ್ಪನ ಕಥೆಯನ್ನು ಹೆಸರು ಹೇಳದೆ ಬಳಸಬಹುದಾ?

ಭಟ್ಟಿಮನೆ ಮಗಳು
ಬಳಸು. ಅಪ್ಪ ಪಕ್ಕದಲ್ಲೇ ಕೂತಿದ್ದಾರೆ, ಇಡೀ ಚರ್ಚೆ ಓದಿ ಹೇಳಿದೆ. ಆ ಅಮೆರಿಕದ ಬೇಕರಿಯವರ ಭಟ್ಟಿ ಸೌದೆಯದಾ, ಕಲ್ಲಿದ್ದಲಿನದಾ ಎಂದು ಕೇಳುತ್ತಿದ್ದಾರೆ. ಯಾರಿಗಾದರೂ ಗೊತ್ತಾ?

ಹಳೇ ವಕೀಲ
ಹುಡುಕಿ ಹೇಳುತ್ತೇನಮ್ಮ. ತಮ್ಮಾ, ನೀನು ಶನಿವಾರ ಸಂಜೆ ಫೋನ್ ಮಾಡು. ಫಜಲ್ ಅಲಿ ಮತ್ತು ಹಾರ್ಲನ್, ಎರಡೂ ಭಿನ್ನ ತೀರ್ಪು ಪೂರ್ತಿ ಓದಿರಬೇಕು. ಸರ್ಕಾರದ ಪರ ನಿಲ್ಲುವವನು ಅವೆರಡನ್ನೇ ಮೊದಲು ಓದಬೇಕು.